ಸಂಜೆ ತರಗತಿಗೆ ಬಂದ ಸಾಕ್ರಟೀಸ್

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಹಗಲೆಲ್ಲ ದುಡಿದು ಬರುವವರಿಗೂ ಕಸುಬಿನ ಜೊತೆಗೆ ಇತಿಹಾಸ, ತತ್ವಶಾಸ್ತ್ರ, ಸಾಹಿತ್ಯವನ್ನು ಕಲಿಸುತ್ತಾರೆ. ನೂರು ವರ್ಷ ದಾಟಿದ ಈ ಪ್ರಯೋಗದ ಗೆಲುವಿನಿಂದಲೂ ಸೋಲಿನಿಂದಲೂ ನಮ್ಮ ತಾಲ್ಲೂಕು ಕಾಲೇಜುಗಳ ಬಿ.ಎ. ಕಲಿಯಬೇಕಾದದ್ದು ಬಹಳಷ್ಟಿದೆ.

1965ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹೈಸ್ಕೂಲು ಮುಗಿಸಿದ ಆಕ್ಟೇವಿಯಾ ಬಟ್ಲರ್ ಹಗಲು ಸಿಕ್ಕ ಕೆಲಸ ಮಾಡಿ, ರಾತ್ರಿ ಊರಿನ ಪ್ಯಾಸಡೀನಾ ಸಿಟಿ ಕಾಲೇಜಿಗೆ ಹೋಗುತ್ತಿದ್ದರು. ಬೂಟು ಪಾಲಿಶ್ ಮಾಡುತ್ತಿದ್ದ ಅಪ್ಪ ಅವರ ಬಾಲ್ಯದಲ್ಲೇ ತೀರಿಕೊಂಡಿದ್ದರು. ಅಮ್ಮ ಬಿಳಿಯರ ಮನೆಗಳಲ್ಲಿ ಕಸಮುಸುರೆ ಮಾಡಿ ಮಗಳನ್ನು ಬೆಳೆಸಿದ್ದರು. ಕಾಲೇಜಿನ ಕಥಾಸ್ಪರ್ಧೆಯಲ್ಲಿ ಗೆದ್ದ 15 ಡಾಲರ್ ಬಟ್ಲರ್‌ಗೆ ಬರವಣಿಗೆಯಿಂದ ಸಿಕ್ಕ ಮೊದಲ ಹಣ.

ಆ ಕಾಲೇಜಿನಲ್ಲಿ ಅವರಿಗೆ ಇನ್ನೂ ದೊಡ್ಡದೊಂದು ಸಿಕ್ಕಿತು. ಕಪ್ಪು ಜನರ ಹಕ್ಕಿನ ಹೋರಾಟದಲ್ಲಿದ್ದ ಸಹಪಾಠಿಯೊಬ್ಬ, ಬಿಳಿಯರ ಮುಂದೆ ತಲೆತಗ್ಗಿಸಿ ಬದುಕಿದ ಹಿಂದಿನ ತಲೆಮಾರಿನ ಬಗ್ಗೆ ಸಿಟ್ಟಿನಿಂದ ಮಾತಾಡಿದ. ಅವಮಾನ ನುಂಗಿಕೊಂಡು ಮನೆಗೆಲಸ ಮಾಡುತ್ತಿದ್ದ ತಾಯಿಯನ್ನು ಕಣ್ಣಾರೆ ಕಂಡಿದ್ದ ಬಟ್ಲರ್‌ಗೆ ಆ ಮಾತು ಚುಚ್ಚಿತು. ತಲೆತಗ್ಗಿಸಿ ಉಳಿದವರ ಧೈರ್ಯವನ್ನು ಇವನಿಗೆ ಅರ್ಥ ಮಾಡಿಸುವುದು ಹೇಗೆ ಎಂಬ ಪ್ರಶ್ನೆ ವರ್ಷಗಟ್ಟಲೆ ಅವರನ್ನು ಬಿಡಲಿಲ್ಲ. 1979ರಲ್ಲಿ ಬಂದ ಅವರ ಕಾದಂಬರಿ ‘ಕಿಂಡ್ರೆಡ್’ ಆ ಪ್ರಶ್ನೆಗೆ ಉತ್ತರ. ಇಪ್ಪತ್ತನೆಯ ಶತಮಾನದ ಕಪ್ಪು ಹೆಣ್ಣೊಬ್ಬಳು ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿನ ತೋಟವೊಂದಕ್ಕೆ ಸೆಳೆಯಲ್ಪಟ್ಟು, ತನ್ನ ಪೂರ್ವಿಕರ ಬದುಕನ್ನು ತಾನೇ ಬದುಕುವ ಕಥೆ ಅದು. 1968ರಲ್ಲಿ ಪ್ಯಾಸಡೀನಾ ಕಾಲೇಜಿನಲ್ಲಿ ಎರಡು ವರ್ಷದ ಕಲಾ ಪದವಿ ಪಡೆದ ಬಟ್ಲರ್, 1995ರಲ್ಲಿ ಮೆಕಾರ್ಥರ್ ಫೆಲೋಶಿಪ್ ಪಡೆದ ಮೊದಲ ವೈಜ್ಞಾನಿಕ ಕಥಾ ಲೇಖಕಿಯಾದರು.

ಪ್ರತಿಭೆಯಿದ್ದವರು ಎಲ್ಲಿದ್ದರೂ ಬೆಳೆಯುತ್ತಾರೆ ಎಂದು ಹೇಳಿ ಈ ಕಥೆಯನ್ನು ಮುಗಿಸಿಬಿಡಬಹುದು. ಆದರೆ ಊರಲ್ಲೊಂದು ಕಾಲೇಜು ಇರದಿದ್ದರೆ, ಅದರ ಫೀಸು ಕೈಗೆಟುಕದಿದ್ದರೆ, ರಾತ್ರಿ ತರಗತಿ ನಡೆಯದಿದ್ದರೆ, ಮನೆಗೆಲಸದವಳ ಮಗಳು ಮತ್ತು ಹೋರಾಟಗಾರ ಹುಡುಗ ಒಂದೇ ಕಡೆ ಕೂತು ವಾದ ಮಾಡುವ ಸಂದರ್ಭವೇ ಒದಗುತ್ತಿರಲಿಲ್ಲ. ಇಂಥ ಭೇಟಿಗಳಿಗೆ ಜಾಗ ಮಾಡಿಕೊಡುವುದೇ ಕಮ್ಯುನಿಟಿ ಕಾಲೇಜಿನ ದೊಡ್ಡ ಕೆಲಸ.

ಆರು ಮಂದಿಯಿಂದ ಆರಂಭ

ಅಮೆರಿಕದ ಮೊದಲ ಸರ್ಕಾರಿ ಕಮ್ಯುನಿಟಿ ಕಾಲೇಜು ಹುಟ್ಟಿದ್ದು 1901ರಲ್ಲಿ, ಶಿಕಾಗೊ ಹತ್ತಿರದ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನೊಳಗೆ. ಶಾಲೆಯ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಸೇರಿ ಹೂಡಿದ ಯೋಜನೆ ಅದು. ಪದವಿಯ ಮೊದಲ ಎರಡು ವರ್ಷದ ಓದನ್ನು ಮಕ್ಕಳು ಊರು ಬಿಡದೆ ಮುಗಿಸಲಿ ಎಂಬುದು ಉದ್ದೇಶ. ಆಗ ಸೇರಿದವರು ಆರೇ ವಿದ್ಯಾರ್ಥಿಗಳು. ಇವತ್ತು ಇಂಥ ಕಾಲೇಜುಗಳು ದೇಶದಲ್ಲಿ ಸುಮಾರು ಒಂದು ಸಾವಿರ ಇವೆ.

ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಓದಿಗೆ 1944ರ ಜಿಐ ಬಿಲ್ ಹಣ ಒದಗಿಸಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ, ಪ್ರಜಾಪ್ರಭುತ್ವ ಉಳಿಯಬೇಕಾದರೆ ಉನ್ನತ ಶಿಕ್ಷಣ ಸಾಮಾನ್ಯರ ಮನೆಬಾಗಿಲಿಗೆ ಬರಬೇಕು ಎಂದು ವರದಿ ಕೊಟ್ಟಿತು. ದೇಶದಾದ್ಯಂತ ಕಮ್ಯುನಿಟಿ ಕಾಲೇಜುಗಳ ಜಾಲ ಹರಡಬೇಕೆಂದು ಶಿಫಾರಸು ಮಾಡಿದ್ದು ಆ ವರದಿಯೇ. ಕಸುಬಿನ ತರಬೇತಿ ಮತ್ತು ಸಾಮಾನ್ಯ ಜ್ಞಾನಶಿಕ್ಷಣ ಎರಡೂ ಅಲ್ಲಿ ಒಟ್ಟಿಗೆ ಇರಬೇಕು ಎಂದು ಆಯೋಗ ಬಯಸಿತ್ತು. ಮುಂದೆ 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಮಾಸ್ಟರ್ ಪ್ಲ್ಯಾನ್ ರೂಪಿಸಿತು. ಹೈಸ್ಕೂಲಿನಲ್ಲಿ ಮುಂದಿರುವ ಎಂಟನೇ ಒಂದು ಭಾಗದ ಮಕ್ಕಳಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ವಿಶ್ವವಿದ್ಯಾಲಯ, ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜು ಎಂಬ ಏರ್ಪಾಡು ಅದು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ಮೂರನೆಯ ವರ್ಷಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲಿಸ್ ಕ್ಯಾಂಪಸ್‌ಗಳಿಗೂ ಹೋಗಬಹುದು. 1984ರವರೆಗೆ ಅಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕವೇ ಇರಲಿಲ್ಲ.

ಈಗಲೂ ಖರ್ಚು ಹೋಲಿಸಿ ನೋಡಿದರೆ ವ್ಯತ್ಯಾಸ ದೊಡ್ಡದು. ದೇಶದ ಸರಾಸರಿ ತೆಗೆದುಕೊಂಡರೆ ಕಮ್ಯುನಿಟಿ ಕಾಲೇಜಿನ ಬೋಧನಾ ಶುಲ್ಕ ವರ್ಷಕ್ಕೆ ಸುಮಾರು 4,000 ಡಾಲರ್. ತಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅದು 11,000 ಡಾಲರ್ ದಾಟುತ್ತದೆ. ಖಾಸಗಿ ಲಿಬರಲ್ ಆರ್ಟ್ಸ್ ಕಾಲೇಜುಗಳ ಶುಲ್ಕ ಇದರ ಎಷ್ಟೋ ಪಟ್ಟು.

ಸಿಲಿಕಾನ್ ವ್ಯಾಲಿಯ ಕನ್ನಡಿಗರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಕ್ಯುಪರ್ಟಿನೊ, ಸನಿವೇಲ್ ಕಡೆಯ ಮನೆಗಳಲ್ಲಿ ಅಲ್ಲಿನ ಕಮ್ಯುನಿಟಿ ಕಾಲೇಜಾದ ಡಿ ಆನ್ಜಾದ ಹೆಸರು ದಿನನಿತ್ಯ ಕೇಳಿಬರುತ್ತದೆ. ಹೈಸ್ಕೂಲಿನಲ್ಲಿರುವಾಗಲೇ ಅಲ್ಲಿ ಒಂದೆರಡು ಕೋರ್ಸ್ ಮುಗಿಸುವ ಮಕ್ಕಳಿದ್ದಾರೆ. ಗಂಡನ ಉದ್ಯೋಗದ ಮೇಲೆ ಹೋಗಿ ಎಚ್-4 ವೀಸಾದಲ್ಲಿರುವ ಹೆಣ್ಣುಮಕ್ಕಳಿಗೆ ಕೆಲಸ ಮಾಡಲು ನಿರ್ಬಂಧವಿದ್ದರೂ ಓದಲು ಅಡ್ಡಿಯಿಲ್ಲ. ಎಂಜಿನಿಯರಿಂಗ್ ಮುಗಿಸಿದ ಮೇಲೆ ಮೊದಲ ಸಲ ಚಿತ್ರಕಲೆಯ ಇತಿಹಾಸವನ್ನೋ ಮನಶ್ಶಾಸ್ತ್ರವನ್ನೋ ಓದುವ ಅವಕಾಶ ಅವರಿಗೆ ಇಂಥ ಕಾಲೇಜಿನಲ್ಲಿ ತೆರೆದುಕೊಳ್ಳುತ್ತದೆ.

ಏನು ಓದುತ್ತಾರೆ?

ನಮ್ಮಲ್ಲಿ ಪಿಯುಸಿ ಹೊತ್ತಿಗೇ ಆರ್ಟ್ಸ್, ಕಾಮರ್ಸ್, ಸೈನ್ಸ್ ಎಂದು ದಾರಿ ಕವಲೊಡೆಯುತ್ತದೆ. ಅಲ್ಲಿನ ಲಿಬರಲ್ ಆರ್ಟ್ಸ್ ಓದಿನಲ್ಲಿ ವಿಜ್ಞಾನ, ಗಣಿತಗಳೂ ಸೇರಿವೆ. ಸಾಮಾನ್ಯವಾಗಿ 60 ಕ್ರೆಡಿಟ್‌ಗಳ ಎರಡು ವರ್ಷದ ಪದವಿಯಲ್ಲಿ ಪ್ರಬಂಧ ಬರವಣಿಗೆ, ಗಣಿತ, ಇತಿಹಾಸ, ಸಮಾಜಶಾಸ್ತ್ರ ಅಥವಾ ಅರ್ಥಶಾಸ್ತ್ರ, ಪ್ರಯೋಗಾಲಯವಿರುವ ಒಂದು ವಿಜ್ಞಾನ, ಸಾಹಿತ್ಯ ಅಥವಾ ತತ್ವಶಾಸ್ತ್ರ, ಕಲೆ ಅಥವಾ ಸಂಗೀತ ಇವೆಲ್ಲದರ ರುಚಿ ಹತ್ತುತ್ತದೆ. ಆ ದೇಶದಲ್ಲಿ ವರ್ಷಕ್ಕೆ ಕೊಡುವ ಸುಮಾರು ಹತ್ತು ಲಕ್ಷ ಎರಡು ವರ್ಷದ ಪದವಿಗಳಲ್ಲಿ ಹತ್ತಿರ ಹತ್ತಿರ ಶೇ 40ರಷ್ಟು ‘ಲಿಬರಲ್ ಆರ್ಟ್ಸ್ ಮತ್ತು ಸಾಮಾನ್ಯ ಅಧ್ಯಯನ’ ಎಂಬ ಗುಂಪಿಗೇ ಸೇರುತ್ತವೆ. ಅಮೆರಿಕದಲ್ಲಿ ಲಿಬರಲ್ ಆರ್ಟ್ಸ್ ಎಂದರೆ ಐವಿ ಬಳ್ಳಿ ಹಬ್ಬಿದ ಹಳೆಯ ಗೋಡೆಗಳ ದುಬಾರಿ ಕಾಲೇಜು ಎಂದುಕೊಂಡವರಿಗೆ ಇದು ಆಶ್ಚರ್ಯವೆನಿಸಬಹುದು.

ಸಣ್ಣ ಕಾಲೇಜಿನ ದೊಡ್ಡ ಲಾಭ ತರಗತಿಯ ಗಾತ್ರ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದವರು ನೂರಾರು ಜನರ ಸಭಾಂಗಣದಲ್ಲಿ ಕೂತು ಪಾಠ ಕೇಳುತ್ತಾರೆ. ಇಲ್ಲಿ ಇಪ್ಪತ್ತು ಮೂವತ್ತು ಜನರ ಕೋಣೆಯಲ್ಲಿ ಮೇಷ್ಟರಿಗೆ ಪ್ರತಿಯೊಬ್ಬರ ಹೆಸರೂ ಗೊತ್ತಿರುತ್ತದೆ. ಪ್ರಬಂಧ ಬರೆದುಕೊಟ್ಟರೆ ಅದನ್ನು ಪೂರ್ತಿ ಓದಿ, ತಿದ್ದಿ, ಮತ್ತೆ ಬರೆಸುವವರು ಸಿಗುತ್ತಾರೆ. ಜಿಲ್ ಬೈಡನ್ ಉಪಾಧ್ಯಕ್ಷರ ಪತ್ನಿಯಾಗಿದ್ದಾಗಲೂ ಆಮೇಲೆ ಅಧ್ಯಕ್ಷರ ಪತ್ನಿಯಾದಾಗಲೂ ವರ್ಜೀನಿಯಾದ ಇಂಥದೊಂದು ಕಾಲೇಜಿನಲ್ಲಿ ಇಂಗ್ಲಿಷ್ ಬರವಣಿಗೆ ಕಲಿಸುವುದನ್ನು ಬಿಡಲಿಲ್ಲ.

ಇನ್ನೊಂದು ಲಾಭ ಸಹಪಾಠಿಗಳು. ಇಲ್ಲಿನ ವಿದ್ಯಾರ್ಥಿಗಳ ಸರಾಸರಿ ವಯಸ್ಸೇ ಇಪ್ಪತ್ತೇಳರ ಆಸುಪಾಸು. ಹದಿನೆಂಟರ ಹುಡುಗನ ಪಕ್ಕದಲ್ಲಿ ಇಬ್ಬರು ಮಕ್ಕಳ ತಾಯಿ, ಆಚೆ ಬದಿಯಲ್ಲಿ ಸೇನೆಯಿಂದ ನಿವೃತ್ತನಾದವನು, ಹಿಂದೆ ಬೇರೆ ದೇಶದಿಂದ ವಲಸೆ ಬಂದು ಇಂಗ್ಲಿಷನ್ನು ಈಗಷ್ಟೇ ಕಲಿಯುತ್ತಿರುವವಳು ಇರುತ್ತಾರೆ. ಯುದ್ಧದ ಬಗ್ಗೆ ಹೋಮರ್ ಬರೆದದ್ದನ್ನು ಯುದ್ಧ ಕಂಡುಬಂದವನ ಜೊತೆ ಕೂತು ಓದುವ ಭಾಗ್ಯ ಹಾರ್ವರ್ಡ್‌ನ ಮೊದಲ ವರ್ಷದವರಿಗೆ ಅಪರೂಪ. ಟೆಕ್ಸಸ್‌ನ ಆಸ್ಟಿನ್ ಕಮ್ಯುನಿಟಿ ಕಾಲೇಜಿನಲ್ಲಿ ‘ದಿ ಗ್ರೇಟ್ ಕ್ವೆಶ್ಚನ್ಸ್’ ಎಂಬ ತರಗತಿಯಿದೆ. ಉಪನ್ಯಾಸವನ್ನು ಬದಿಗಿಟ್ಟು, ಹೋಮರ್‌ನ ಒಡಿಸ್ಸಿಯನ್ನೂ ಯೂಕ್ಲಿಡ್‌ನ ರೇಖಾಗಣಿತವನ್ನೂ ಎದುರಿಗಿಟ್ಟುಕೊಂಡು ವಿದ್ಯಾರ್ಥಿಗಳೇ ಚರ್ಚಿಸುವ ಕ್ರಮ ಅಲ್ಲಿ ಬೆಳೆದಿದೆ.

ಪೂರ್ವ ಲಾಸ್ ಏಂಜಲಿಸ್‌ನ ಮೆಕ್ಸಿಕನ್ ಮೂಲದ ದುಡಿಮೆಗಾರರ ಬಡಾವಣೆಗಳ ಪಕ್ಕದಲ್ಲಿರುವ ಕಮ್ಯುನಿಟಿ ಕಾಲೇಜಿನದು ಇನ್ನೊಂದು ಕಥೆ. ನಟ ವಿನ್ಸೆಂಟ್ ಪ್ರೈಸ್ ಮತ್ತು ಅವರ ಪತ್ನಿ ಮೇರಿ ಗ್ರಾಂಟ್ 1957ರಲ್ಲಿ ತಮ್ಮ ಸಂಗ್ರಹದ 90 ಕಲಾಕೃತಿಗಳನ್ನು ಅದಕ್ಕೆ ಕೊಟ್ಟರು. ವಿದ್ಯಾರ್ಥಿಗಳು ಪುಸ್ತಕದ ಚಿತ್ರ ನೋಡಿ ತೃಪ್ತಿಪಡದೆ ಮೂಲ ಕೃತಿಯ ಮುಂದೆ ನಿಂತು ಕಲಿಯಬೇಕೆಂಬುದು ಅವರ ಆಸೆ. ಮುಂದೆ ಅವರ ಕುಟುಂಬದ ಕೊಡುಗೆ ಎರಡು ಸಾವಿರ ಕೃತಿಗಳವರೆಗೆ ಬೆಳೆಯಿತು. ಆ ಕಾಲೇಜಿನ ಆವರಣದಲ್ಲಿ ಇವತ್ತು ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ಬಡವರಿಗೆ ಪ್ಲೇಟೊ ಯಾಕೆ?

ಹೊಟ್ಟೆಪಾಡು ನೋಡಿಕೊಳ್ಳಬೇಕಾದವರಿಗೆ ಕಾವ್ಯ, ತತ್ವಶಾಸ್ತ್ರ ಯಾಕೆ ಎಂಬ ಪ್ರಶ್ನೆಗೆ ಅತ್ಯಂತ ಗಟ್ಟಿ ಉತ್ತರ ಕೊಟ್ಟವರು ಅರ್ಲ್ ಶಾರಿಸ್ ಎಂಬ ಅಮೆರಿಕದ ಲೇಖಕ. ಬಡತನದ ಬಗ್ಗೆ ಪುಸ್ತಕ ಬರೆಯಲು ದೇಶ ಸುತ್ತುತ್ತಿದ್ದ ಅವರು ನ್ಯೂಯಾರ್ಕ್ ರಾಜ್ಯದ ಮಹಿಳಾ ಬಂದೀಖಾನೆಯೊಂದರಲ್ಲಿ ಕೈದಿಯೊಬ್ಬಳನ್ನು ಮಾತಾಡಿಸಿದರು. ಜನ ಬಡವರಾಗಿಯೇ ಉಳಿಯುವುದೇಕೆ ಎಂಬ ಅವರ ಪ್ರಶ್ನೆಗೆ ಆಕೆ ನೌಕರಿಯ ಮಾತೆತ್ತಲಿಲ್ಲ, ಹಣದ ಮಾತೆತ್ತಲಿಲ್ಲ. ಬಡವರ ಮಕ್ಕಳನ್ನು ನಾಟಕ, ಸಂಗೀತ ಕಛೇರಿ, ವಸ್ತುಸಂಗ್ರಹಾಲಯ, ಉಪನ್ಯಾಸಗಳಿಗೆ ಕರೆದೊಯ್ದು, ಅನುಕೂಲಸ್ಥರ ಮನಸ್ಸನ್ನು ರೂಪಿಸುವ ಲೋಕವನ್ನು ಅವರಿಗೂ ತೋರಿಸಬೇಕು ಎಂದಳು.

ಶಾರಿಸ್ 1995ರಲ್ಲಿ ನ್ಯೂಯಾರ್ಕ್ ನಗರದ ಲೋಯರ್ ಈಸ್ಟ್ ಸೈಡ್‌ನ ರಾಬರ್ಟೊ ಕ್ಲೆಮೆಂಟೆ ಆಪ್ತಸಲಹಾ ಕೇಂದ್ರದಲ್ಲಿ ಉಚಿತ ಕೋರ್ಸೊಂದನ್ನು ಶುರುಮಾಡಿದರು. ತತ್ವಶಾಸ್ತ್ರ, ಕಾವ್ಯ, ಕಲೆಯ ಇತಿಹಾಸ, ಅಮೆರಿಕದ ಇತಿಹಾಸ, ತರ್ಕಶಾಸ್ತ್ರ ಇಷ್ಟೂ ವಿಷಯಗಳನ್ನು ಒಳ್ಳೆಯ ವಿಶ್ವವಿದ್ಯಾಲಯದ ಮೊದಲ ವರ್ಷದ ಮಟ್ಟದಲ್ಲಿ, ಒಂಚೂರೂ ಇಳಿಸದೆ ಕಲಿಸಬೇಕು ಎಂಬುದು ಅವರ ಹಟ. ಸೇರಿದವರಲ್ಲಿ ಜೈಲು ಕಂಡವರು, ಮನೆಯಿಲ್ಲದವರು, ಒಂಟಿ ತಾಯಂದಿರು ಇದ್ದರು. ಓಡಾಟದ ಖರ್ಚು ಕೋರ್ಸಿನದೇ. ಸೇರಿದ ಮೂವತ್ತರಷ್ಟು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೊನೆಯವರೆಗೆ ಉಳಿದರು. ಬಾರ್ಡ್ ಕಾಲೇಜು ಅವರ ಓದಿಗೆ ಕ್ರೆಡಿಟ್ ಕೊಟ್ಟಿತು.

ಆ ತರಗತಿಯ ಯುವಕನೊಬ್ಬ ಒಂದು ದಿನ ಶಾರಿಸ್‌ಗೆ ಫೋನ್ ಮಾಡಿದ. ಕೆಲಸದ ಜಾಗದಲ್ಲಿ ಸಹೋದ್ಯೋಗಿಯೊಬ್ಬರು ಕೆಣಕಿದ್ದರು. ಹಿಂದಿನ ದಿನಗಳಲ್ಲಾಗಿದ್ದರೆ ಕೈ ಮಾಡಿಬಿಡುತ್ತಿದ್ದವನು ಈ ಸಲ ತಡೆದು ನಿಂತು, ಸಾಕ್ರಟೀಸ್ ಆಗಿದ್ದರೆ ಏನು ಮಾಡುತ್ತಿದ್ದ ಎಂದು ತನ್ನನ್ನೇ ಕೇಳಿಕೊಂಡನಂತೆ. ಶಾರಿಸ್ ಈ ಪ್ರಸಂಗವನ್ನು 1997ರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಬರೆದರು. ಕೆಣಕಿದ ಕೂಡಲೇ ಕೈಯೆತ್ತುವ ಮುನ್ನ ಒಂದು ಕ್ಷಣ ಯೋಚಿಸಲು ಬಿಡುವು ಸಿಕ್ಕವನು ಸಮಾಜದೊಂದಿಗೆ ಮಾತುಕತೆಗೆ ಸಿದ್ಧನಾಗುತ್ತಾನೆ, ಹಕ್ಕು ಕೇಳುವುದನ್ನು ಕಲಿಯುತ್ತಾನೆ, ಪ್ರಜೆಯಾಗುತ್ತಾನೆ ಎಂಬುದು ಅವರ ವಾದದ ತಿರುಳು. ಕ್ಲೆಮೆಂಟೆ ಕೋರ್ಸ್ ಮುಂದೆ ಬೇರೆ ಬೇರೆ ನಗರಗಳಿಗೂ ದೇಶಗಳಿಗೂ ಹಬ್ಬಿತು.

ಶಾರಿಸ್ ಅವರ ಕೋರ್ಸು ಕಮ್ಯುನಿಟಿ ಕಾಲೇಜಿನ ಹೊರಗೆ ನಡೆದದ್ದು. ಆದರೆ ಕಮ್ಯುನಿಟಿ ಕಾಲೇಜುಗಳ ತತ್ವಶಾಸ್ತ್ರದ ತರಗತಿಗಳಲ್ಲಿ ಪ್ರತಿ ಸೆಮಿಸ್ಟರ್ ಇದೇ ಕೆಲಸ ಸದ್ದುಗದ್ದಲವಿಲ್ಲದೆ ನಡೆಯುತ್ತಿರುತ್ತದೆ. ಇಂಥದೇ ಕಾಲೇಜಾದ ಶಿಕಾಗೊದ ವಿಲ್ಸನ್ ಜೂನಿಯರ್ ಕಾಲೇಜಿನಲ್ಲಿ 1936ರಲ್ಲಿ ಎರಡು ವರ್ಷದ ಓದು ಮುಗಿಸಿದ ಕವಯಿತ್ರಿ ಗ್ವೆಂಡಲಿನ್ ಬ್ರೂಕ್ಸ್, ಜಾಡಮಾಲಿಯೊಬ್ಬರ ಮಗಳು. ಆಕೆ ಅದಕ್ಕಿಂತ ಮುಂದೆ ಕಾಲೇಜು ಓದಲಿಲ್ಲ. 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ.

ನವಾಹೊ ನೆಲದಲ್ಲಿ

ಯಾರ ಇತಿಹಾಸ, ಯಾರ ತತ್ವಶಾಸ್ತ್ರ ಎಂಬ ಪ್ರಶ್ನೆಯೂ ಇದೆ. ಅದಕ್ಕೆ ಅರಿಜೋನಾದ ನವಾಹೊ ಬುಡಕಟ್ಟಿನವರು ತಮ್ಮದೇ ಉತ್ತರ ಕೊಟ್ಟರು. ಬಿಳಿಯರು ನಡೆಸಿದ ವಸತಿ ಶಾಲೆಗಳಲ್ಲಿ ಮೂಲನಿವಾಸಿಗಳ ಮಕ್ಕಳು ಮಾತೃಭಾಷೆಯಲ್ಲಿ ಮಾತಾಡಿದರೆ ಶಿಕ್ಷೆ ಅನುಭವಿಸುತ್ತಿದ್ದ ಕಾಲವೊಂದಿತ್ತು. ಅಂಥ ಶಾಲೆಗಳಲ್ಲಿ ಓದಿದ ತಲೆಮಾರಿನ ಕಣ್ಣೆದುರೇ 1968ರಲ್ಲಿ ನವಾಹೊ ಕಮ್ಯುನಿಟಿ ಕಾಲೇಜು ಶುರುವಾಯಿತು. ಅಮೆರಿಕದಲ್ಲಿ ಬುಡಕಟ್ಟೊಂದು ತಾನೇ ಕಟ್ಟಿ ನಡೆಸಿದ ಮೊದಲ ಕಾಲೇಜು ಇದು. ಈಗ ಇದರ ಹೆಸರು ಡಿನೆ ಕಾಲೇಜು. ಅಲ್ಲಿನ ಓದಿನ ಕ್ರಮವನ್ನು ನವಾಹೊ ಚಿಂತನೆಯ ನಾಲ್ಕು ಹಂತಗಳ ಮೇಲೆ ಕಟ್ಟಿದ್ದಾರೆ: ಯೋಚಿಸುವುದು, ಯೋಜಿಸುವುದು, ಬದುಕುವುದು, ಬದುಕಿದ್ದನ್ನು ಹಿಂತಿರುಗಿ ನೋಡುವುದು. ನವಾಹೊ ಭಾಷೆ, ಚರಿತ್ರೆಗಳು ಅಲ್ಲಿ ಓದಿನ ನಡುವಿನಲ್ಲೇ ಇವೆ. ಇದನ್ನು ನೋಡಿ ಇತರ ಬುಡಕಟ್ಟುಗಳೂ ಮುಂದೆ ಬಂದವು. ಈಗ ಇಂಥ ಕಾಲೇಜುಗಳು ಮೂವತ್ತಕ್ಕೂ ಹೆಚ್ಚು. ಸಮುದಾಯ ತನ್ನ ಕಾಲೇಜನ್ನು ತಾನೇ ನಡೆಸಿದರೆ ಮಾನವಿಕ ವಿಷಯಗಳು ಹೊರಗಿನವರ ಸರಕಾಗಿ ಉಳಿಯುವುದಿಲ್ಲ ಎಂಬುದನ್ನು ಡಿನೆ ತೋರಿಸಿಕೊಟ್ಟಿದೆ.

ಬಾಗಿಲು ದಾಟಿದ ಮೇಲೆ

ಈ ಚಿತ್ರಕ್ಕೆ ಕಹಿಯಾದ ಇನ್ನೊಂದು ಮುಖವಿದೆ. ಕಮ್ಯುನಿಟಿ ಕಾಲೇಜು ಸೇರುವವರಲ್ಲಿ ಬಹುಪಾಲು ಜನರ ಗುರಿ ನಾಲ್ಕು ವರ್ಷದ ಪದವಿ. ಆದರೆ ಸೇರಿದವರಲ್ಲಿ ವಿಶ್ವವಿದ್ಯಾಲಯಕ್ಕೆ ದಾಟುವವರು ಮೂರನೇ ಒಂದು ಭಾಗದಷ್ಟೇ. ಆರು ವರ್ಷದೊಳಗೆ ಆ ನಾಲ್ಕು ವರ್ಷದ ಪದವಿ ಮುಗಿಸುವವರು ಆರರಲ್ಲಿ ಒಬ್ಬರು. ಮಕ್ಕಳ ಕಾಯಿಲೆ, ಪಾಳಿ ಬದಲಾವಣೆ, ಕೆಟ್ಟುನಿಂತ ಕಾರು, ಏರಿದ ಮನೆ ಬಾಡಿಗೆ, ಯಾವುದಾದರೂ ಒಂದು ಸಾಕು ಓದು ನಿಂತುಹೋಗಲು. ಒಂದು ಕಡೆ ಪಡೆದ ಕ್ರೆಡಿಟ್ ಇನ್ನೊಂದು ಕಡೆ ನಡೆಯದೆ ಮತ್ತೆ ಅದೇ ವಿಷಯ ಓದಬೇಕಾದವರೂ ಇದ್ದಾರೆ. ಈ ಕಾಲೇಜುಗಳು ವಿದ್ಯಾರ್ಥಿಗಳ ಆಸೆಯನ್ನು ಮೆಲ್ಲಗೆ ತಣಿಸಿ ಕೆಳಗಿಳಿಸುತ್ತವೆ ಎಂಬುದನ್ನು ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಲ್ಲೇ ಗುರುತಿಸಿದ್ದರು. ಆ ಮಾತಿನ ಸತ್ಯ ಇನ್ನೂ ಮಾಸಿಲ್ಲ.

ಸಂಬಳದ ಲೆಕ್ಕದಲ್ಲೂ ಎರಡು ವರ್ಷದ ಕಲಾ ಪದವಿಯೊಂದನ್ನೇ ಹಿಡಿದು ಹೊರಬಂದವರು, ಅಷ್ಟೇ ಕಾಲ ನರ್ಸಿಂಗ್ ಓದಿದವರಿಗಿಂತ ಹಿಂದೆ ಬೀಳುತ್ತಾರೆ. ಕಲಿಸುವವರ ಪಾಡು ಇನ್ನೂ ಕಷ್ಟ. ಅಧ್ಯಾಪಕರಲ್ಲಿ ಹೆಚ್ಚಿನವರು ಅರೆಕಾಲಿಕರು. ಒಂದು ಕಾಲೇಜಿನ ಪಾಠ ಮುಗಿಸಿ ಹೆದ್ದಾರಿ ಹಿಡಿದು ಇನ್ನೊಂದಕ್ಕೆ ಧಾವಿಸುವ ಇವರಿಗೆ ಮುಂದಿನ ಸೆಮಿಸ್ಟರ್ ಕೆಲಸ ಇದೆಯೋ ಇಲ್ಲವೋ ಎಂಬುದೇ ಖಾತ್ರಿಯಿಲ್ಲ. ಇದರ ಜೊತೆಗೆ ರಾಜಕೀಯವೂ ಕೈಯಾಡಿಸುತ್ತಿದೆ. ಫ್ಲಾರಿಡಾ ರಾಜ್ಯದ ಶಿಕ್ಷಣ ಮಂಡಳಿ 2024ರ ಜನವರಿಯಲ್ಲಿ ತನ್ನ 28 ರಾಜ್ಯ ಕಾಲೇಜುಗಳ ಮೂಲ ಸಾಮಾನ್ಯ ಶಿಕ್ಷಣದ ಪಟ್ಟಿಯಿಂದ ಸಮಾಜಶಾಸ್ತ್ರದ ಪ್ರಾಥಮಿಕ ಕೋರ್ಸನ್ನು ತೆಗೆದುಹಾಕಿತು. ಸಮಾಜಶಾಸ್ತ್ರದಿಂದ ಏನು ಪ್ರಯೋಜನ ಎಂದು ಕೇಳುವವರು ಈ ತೀರ್ಮಾನವನ್ನು ಗಮನಿಸಬೇಕು. ಪ್ರಯೋಜನವೇ ಇಲ್ಲದ ವಿಷಯಕ್ಕೆ ಆಳುವವರು ಅಂಜುವುದಿಲ್ಲ.

ಈ ಕೊರತೆಗಳಿಗೆ ಓದಿನ ವಿಷಯಗಳು ಹೊಣೆಯಲ್ಲ. ಹಣ, ಸಮಯ, ಖಾಯಂ ಅಧ್ಯಾಪಕರು, ಮಾರ್ಗದರ್ಶನ ಇವುಗಳನ್ನು ಸಮಾಜ ಒದಗಿಸದೇ ಇದ್ದದ್ದರ ಫಲ ಇದು. ಟೆನೆಸಿ ರಾಜ್ಯ 2014ರಲ್ಲಿ ಕಾನೂನು ಮಾಡಿ, ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಎರಡು ವರ್ಷದ ಕಾಲೇಜಿನ ಬೋಧನಾ ಶುಲ್ಕವನ್ನು ಇಲ್ಲವಾಗಿಸಿತು. ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರನ್ನು ಜೊತೆಮಾಡಿತು. ಮನಸ್ಸು ಮಾಡಿದರೆ ದಾರಿ ಇದೆ.

ನಮ್ಮ ಊರಿನ ಬಿ.ಎ.

ಕಮ್ಯುನಿಟಿ ಕಾಲೇಜಿನ ಕಲ್ಪನೆ ಭಾರತಕ್ಕೂ ಬಂದಿದೆ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಯುಜಿಸಿ ಈ ಹೆಸರಿನದೇ ಯೋಜನೆ ತಂದಿತು. ಆದರೆ ಬಂದದ್ದು ಅರ್ಧ ಕಲ್ಪನೆ. ಕೌಶಲ ತರಬೇತಿ, ಉದ್ಯಮಗಳ ಬೇಡಿಕೆ, ಸರ್ಟಿಫಿಕೇಟು, ಡಿಪ್ಲೊಮಾ ಇವು ಬಂದವು. ಟ್ರೂಮನ್ ಆಯೋಗ ಕಸುಬಿನ ಪಕ್ಕದಲ್ಲೇ ಕೂರಿಸಲು ಬಯಸಿದ್ದ ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರಗಳು ಹಿಂದೆ ಉಳಿದವು.

ನಿಜವಾದ ಅರ್ಥದಲ್ಲಿ ನಮ್ಮ ಕಮ್ಯುನಿಟಿ ಕಾಲೇಜುಗಳು ತಾಲ್ಲೂಕು ಕೇಂದ್ರಗಳಲ್ಲಿ, ಹೋಬಳಿಗಳಲ್ಲಿ ಇರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ನಮ್ಮ ರಾಜ್ಯದಲ್ಲಿ ಇವು ನಾನೂರಕ್ಕೂ ಹೆಚ್ಚಿವೆ. ಸುತ್ತಲಿನ ಹಳ್ಳಿಗಳಿಂದ ಬಸ್ ಪಾಸ್ ಹಿಡಿದು ಬರುವ, ಮನೆಯಲ್ಲಿ ಮೊದಲ ಸಲ ಪದವಿಯ ಮೆಟ್ಟಿಲು ಹತ್ತುವ ಮಕ್ಕಳಿಗೆ ಇರುವ ಕಾಲೇಜು ಇದೊಂದೇ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ ಓದುವ ಇವರಿಗೆ ಮದುವೆ ಮನೆಯಿಂದ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಎದುರಾಗುವ ಪ್ರಶ್ನೆ ಒಂದೇ: ‘ಆರ್ಟ್ಸ್ ತಗೊಂಡ್ಯಾ? ಮುಂದೇನು?’

ಇಂಥ ಸಣ್ಣ ಊರಿನ ಕಾಲೇಜುಗಳಿಗೆ ಒಂದು ಕಾಲದಲ್ಲಿ ದೊಡ್ಡ ಮೇಷ್ಟರುಗಳ ಭಾಗ್ಯವಿತ್ತು. ಕವಿ ಗೋಪಾಲಕೃಷ್ಣ ಅಡಿಗರು 1964ರಿಂದ 1968ರವರೆಗೆ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅದೇ ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ಮೂಲಕ ಜಗತ್ತಿನ ನಾಟಕ, ಸಿನಿಮಾ, ಚಿಂತನೆಗಳನ್ನು ಹಳ್ಳಿಯವರ ಮುಂದೆ ತಂದಿಟ್ಟರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ನಡುವೆ ಷೇಕ್ಸ್‌ಪಿಯರ್ ಅರ್ಥವಾಗುತ್ತಾನೆಯೇ ಎಂದು ಅನುಮಾನಿಸಿದ್ದವರಿಗೆ ಹೆಗ್ಗೋಡಿನ ಪ್ರೇಕ್ಷಕರೇ ಉತ್ತರ ಹೇಳಿದ್ದಾರೆ.

ಇವತ್ತು ನಮ್ಮ ಸರ್ಕಾರಿ ಕಾಲೇಜುಗಳ ಪಾಠದ ದೊಡ್ಡ ಭಾಗವನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅಮೆರಿಕದ ಹೆದ್ದಾರಿಯ ಮೇಷ್ಟರ ಅಭದ್ರತೆಯೇ ಇವರದೂ. ಪಠ್ಯಕ್ರಮವೂ ನಿಂತಲ್ಲಿ ನಿಲ್ಲುತ್ತಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಎಷ್ಟು ವರ್ಷ ಎಂಬ ಜಗ್ಗಾಟದಲ್ಲಿ, ತರಗತಿಯೊಳಗೆ ಏನು ನಡೆಯಬೇಕು ಎಂಬ ಚರ್ಚೆ ಹಿಂದೆ ಬಿತ್ತು. ನೋಟ್ಸ್ ಬರೆಸಿ, ಗೈಡು ಓದಿಸಿ, ಪರೀಕ್ಷೆ ಪಾಸು ಮಾಡಿಸುವ ಬಿ.ಎ. ಯಾರನ್ನೂ ಬೆಳೆಸುವುದಿಲ್ಲ. ಮೂಲ ಪುಸ್ತಕವನ್ನೇ ಕೈಗೆ ಕೊಟ್ಟು, ಓದಿಸಿ, ವಾದಕ್ಕೆ ಬಿಟ್ಟು, ಬರೆಸಿ, ತಿದ್ದಿಕೊಡುವ ಬಿ.ಎ. ಯಾವ ಊರಿನ ಹುಡುಗಿಯನ್ನಾದರೂ ಆಕ್ಟೇವಿಯಾ ಬಟ್ಲರ್ ನಡೆದ ದಾರಿಗೆ ಹಚ್ಚಬಲ್ಲದು. ಅದಕ್ಕೆ ಬೇಕಾದದ್ದು ಹವಾನಿಯಂತ್ರಿತ ಕಟ್ಟಡಗಳಲ್ಲ. ಖಾಯಂ ಅಧ್ಯಾಪಕರು, ಸಂಜೆಯೂ ತೆರೆದಿರುವ ಗ್ರಂಥಾಲಯ, ದುಡಿಯುವವರಿಗೆ ಹೊಂದುವ ವೇಳಾಪಟ್ಟಿ.

ಸರ್ಕಾರ ಖಾಲಿ ಹುದ್ದೆಗಳನ್ನು ತುಂಬಲಿ. ಕೌಶಲ ತರಬೇತಿ ಕೊಡುವ ಪ್ರತಿ ಸಂಸ್ಥೆಯಲ್ಲೂ ಇತಿಹಾಸಕ್ಕೆ, ಸಾಹಿತ್ಯಕ್ಕೆ, ತರ್ಕಕ್ಕೆ ವಾರದಲ್ಲಿ ಕೆಲವು ಗಂಟೆ ಸಿಗಲಿ. ಮನೆಯಲ್ಲಿ ಮಗಳು ಆರ್ಟ್ಸ್ ಓದುತ್ತೇನೆ ಎಂದರೆ ತಂದೆತಾಯಂದಿರು ಆಕೆಯನ್ನು ತಡೆಯದಿರಲಿ. ಅವಳು ಸೇರುವ ಕಾಲೇಜಿನಲ್ಲಿ ಮೇಷ್ಟರಿದ್ದಾರೆಯೇ, ಪುಸ್ತಕಗಳಿವೆಯೇ ಎಂದು ಹೋಗಿ ಕೇಳಲಿ. ಉಳ್ಳವರ ಮಕ್ಕಳಿಗೆ ಲಕ್ಷಗಟ್ಟಲೆ ಶುಲ್ಕದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಲಿಬರಲ್ ಆರ್ಟ್ಸ್, ಬಡವರ ಮಕ್ಕಳಿಗೆ ಮೂರು ತಿಂಗಳ ತರಬೇತಿ ಎಂಬ ಪಂಕ್ತಿಭೇದವನ್ನು ನಾವು ಒಪ್ಪಕೂಡದು. ಬಡವರಿಗೆ ಕಸುಬಷ್ಟೇ ಸಾಕು ಎನ್ನುವ ಸಮಾಜ ಅವರನ್ನು ಇನ್ನೂ ಸಮಾನ ಪ್ರಜೆಗಳೆಂದು ಒಪ್ಪಿಕೊಂಡಿಲ್ಲ.